ಎದ್ದು ಹೋದವನ ಛತ್ರಿ

ಅಂಗಡಿಯ ಒಳಗೆ ಹೋಗುವುದು ಯಾರಿಗಾದರೂ ಬರುತ್ತದೆ. ಅಂಗಡಿಯಿಂದ ಎದ್ದು ಹೋಗುವುದು ಮಾತ್ರ ಎಲ್ಲರಿಗೂ ಬರುವುದಿಲ್ಲ. ಎದ್ದು ಹೋಗುವುದೆಂದರೆ ಮನೆಗೆ ಹೋಗುವುದಲ್ಲ, ಕರೆಸಿಕೊಳ್ಳುವುದಕ್ಕಾಗಿ ಹೋಗುವುದು. ಅದಕ್ಕೊಂದು ಕ್ರಮವಿದೆ, ಕಲಿಯುವ ಮನಸ್ಸಿದ್ದವರಿಗೆ ಹೇಳುತ್ತೇನೆ. ಮೊದಲು ಕೈಯಲ್ಲಿದ್ದ ವಸ್ತುವನ್ನು ಕೆಳಗಿಡಬೇಕು. ಸಿಟ್ಟಿನಿಂದ ಕುಕ್ಕಬಾರದು, ಪ್ರೀತಿಯಿಂದ ಸವರಲೂಬಾರದು. ಯಾರದೋ ಕೂಸನ್ನು ಅವರ ತಾಯಿಗೆ ಒಪ್ಪಿಸಿದ ಹಾಗೆ ಇಡಬೇಕು. ‘ಬರ್ತೀನ್ರಿ’ ಎನ್ನಬೇಕು. ಮೊದಲ ಹೆಜ್ಜೆಗಳು ಚುರುಕಾಗಿರಬೇಕು, ಹೋಗಿಯೇಬಿಟ್ಟನಲ್ಲ ಎಂದು ಅಂಗಡಿಯವನ ಎದೆ ಧಸ್ ಎನ್ನುವಷ್ಟು. ಆಮೇಲೆ ನಿಧಾನವಾಗಬೇಕು, ಕೂಗಿದರೆ ಕೇಳಿಸುವಷ್ಟು. ಪಕ್ಕದ ಅಂಗಡಿಯ ಮುಂದೆ ನಿಂತು, ನಮಗೆ ಬೇಡದ ಹಗ್ಗವನ್ನೋ ಲಾಟೀನನ್ನೋ ಮುಟ್ಟಿ ನೋಡಬಹುದು. ಕತ್ತು ಮಾತ್ರ ಹಿಂದಕ್ಕೆ ಹೊರಳಕೂಡದು. ಹೊರಳಿತೋ, ಕೆಟ್ಟಿರಿ. ಅಷ್ಟರಲ್ಲಿ ಬೆನ್ನ ಹಿಂದಿನಿಂದ, ‘ಏ ಯಜಮಾನ್ರ, ಬರ್ರಿಲ್ಲೆ, ಹೆಂಗಾರ ಮಾಡೂಣಂತ, ಕುಂಡ್ರಿ’ ಎಂಬ ದನಿ ಬಂದೇ ಬರುತ್ತದೆ. ಮೊದಲ ಕೂಗಿಗೆ ತಿರುಗಬಾರದು. ಎರಡನೆಯದಕ್ಕೆ, ಅವನಿಗೇ ಉಪಕಾರ ಮಾಡುವವರ ಹಾಗೆ ತಿರುಗಬೇಕು.

ಇದನ್ನು ನಾನು ಎರಡೂ ಕಡೆಯಿಂದ ಬಲ್ಲೆ. ಲಕ್ಷ್ಮೇಶ್ವರದ ಬಜಾರಿನಲ್ಲಿ ನನ್ನದೊಂದು ಬಾಂಡೆ ಸಾಮಾನಿನ ಅಂಗಡಿ ಇದೆ. ಅದು ಅಪ್ಪ ಬಿಟ್ಟುಹೋದದ್ದಲ್ಲ. ಶಿರಹಟ್ಟಿ ಸುತ್ತಲಿನ ಹಳ್ಳಿಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆಯ ತಾಮ್ರ ಹಿತ್ತಾಳೆ ತೆಗೆದುಕೊಂಡು ಹೊಸ ಪಾತ್ರೆ ಕೊಟ್ಟು, ಓಣಿಯ ನಾಯಿಗಳ ಜೊತೆಗೂ ಕಟ್ಟೆಯ ಮೇಲಿನ ಅಜ್ಜಿಯರ ಜೊತೆಗೂ ವಾದಿಸಿ ಕಟ್ಟಿಕೊಂಡದ್ದು. ನಾಯಿಗಳು ಬೇಗ ಸೋಲುತ್ತಿದ್ದವು. ಈಗ ನನ್ನ ಅಂಗಡಿಯಿಂದ ಗಿರಾಕಿ ಎದ್ದು ಹೊರಟರೆ ನಾನು ಅವನ ಮುಖ ನೋಡುವುದಿಲ್ಲ, ಕಾಲು ನೋಡುತ್ತೇನೆ. ಖರೆ ಹೋಗುವವನು ಚಪ್ಪಲಿ ಮೆಟ್ಟಿ ಹೋಗುತ್ತಾನೆ. ಕರೆಯಲಿ ಎಂದು ಹೋಗುವವನು ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಳ್ಳಲು ನೋಡುತ್ತಾನೆ. ಅಂಥವನನ್ನು ಕರೆಯುವ ಅವಸರವೇನೂ ಇಲ್ಲ. ನನ್ನ ಗೋಡೆಗೆ ‘ಒಂದೇ ದರ, ಚೌಕಾಶಿ ಇಲ್ಲ’ ಎಂಬ ಹಲಗೆಯನ್ನೂ ಹಾಕಿದ್ದೇನೆ. ಅದನ್ನು ಬರೆದ ಪೇಂಟರ್‌ನ ಕೂಲಿಯನ್ನು ಚೌಕಾಶಿ ಮಾಡಿಯೇ ಕೊಟ್ಟೆ ಎಂಬುದು ಬೇರೆ ಮಾತು.

ಈ ವಿದ್ಯೆಯಿಂದ ಊರಲ್ಲಿ ನನಗೊಂದು ಹೆಸರೂ ಬಂದಿತ್ತು. ಮದುವೆಯ ಜವಳಿಗೆ, ಎತ್ತಿನ ಗಾಡಿಯ ಗಾಲಿಗೆ, ಹೊಲಿಗೆ ಯಂತ್ರಕ್ಕೆ ನನ್ನನ್ನು ಕರೆದುಕೊಂಡು ಹೋಗುವವರಿದ್ದರು. ನನ್ನ ಮಗ್ಗುಲಲ್ಲೇ ಬಳೆ ಅಂಗಡಿ ಇಟ್ಟುಕೊಂಡ ಬಾಬುಸಾಬ ಬಕ್ರೀದ್ ಹತ್ತಿರ ಬಂತೆಂದರೆ ತಪ್ಪದೆ ಬರುತ್ತಿದ್ದ. ‘ಗುರಣ್ಣ, ನಾಳಿ ಮುಂಡರಗಿ ಸಂತಿಗೆ ಬಾರೋಪಾ. ನೀ ಏನೂ ಮಾಡಬ್ಯಾಡ, ಬರೇ ಎದ್ದು ಹೋಗು, ಸಾಕು’ ಎನ್ನುತ್ತಿದ್ದ. ನಾನು ಲಿಂಗ ಕಟ್ಟಿದವನು. ಆಡಿನ ಹಲ್ಲಿಗೂ ಹೋತಿನ ಕೊಂಬಿಗೂ ನನಗೂ ಏನು ಸಂಬಂಧ? ಆದರೂ ಹೋಗುತ್ತಿದ್ದೆ. ಪ್ರಾಣಿಯನ್ನು ಅವನು ನೋಡುತ್ತಿದ್ದ, ಎದ್ದು ಹೋಗುವ ಕೆಲಸವನ್ನು ನಾನು ಮಾಡುತ್ತಿದ್ದೆ. ಬರುವಾಗ ಬಸ್ಸಿನ ಮೇಲೆ ಹೋತು, ಒಳಗೆ ನಾವಿಬ್ಬರು. ‘ಮಂದೀಗೆ ಬಾಯಾಗ ರೊಕ್ಕ ಇರ್ತೈತಿ, ನಿನಗ ಬೆನ್ನಾಗ ಐತಿ ನೋಡು’ ಎಂದು ಅವನು ಹೊಗಳಿದರೆ ನಾನು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆ.

ಆ ಬೆನ್ನಿನ ಮಾನ ಹೋದ ಕಥೆಯನ್ನೇ ಈಗ ಹೇಳಲು ಹೊರಟಿರುವುದು. ಎಂಬತ್ತನೆಯ ಇಸವಿಯ ಆಚೀಚಿನ ಮಾತು. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನನ್ನ ಮಗಳು ಸುಮಿತ್ರೆಗೆ ಗದಗಿಗೆ ಅಂಟಿಕೊಂಡ ಬೆಟಗೇರಿಯ ಒಂದು ಸಂಬಂಧ ಬಂದಿತ್ತು. ಹುಡುಗ ಮಹಾಂತೇಶ, ಗದಗಿನ ಹತ್ತಿ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕಾರಕೂನ. ಅವನ ತಾಯಿ ಗಂಗವ್ವ, ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಎರಡು ಕೈಮಗ್ಗ ನಡೆಸಿ ಮಗನನ್ನು ಓದಿಸಿದಾಕೆ. ಅವರು ಹೆಣ್ಣು ನೋಡಲು ನಮ್ಮ ಮನೆಗೆ ಬಂದ ದಿನ ನಮ್ಮ ಸುಮಿ ಹೆದರಿಕೆಯಲ್ಲಿ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಿದ್ದಳು. ನಾನು ಒಂದೇ ತುತ್ತಿಗೆ ನೀರಿನ ತಂಬಿಗೆ ಹುಡುಕಿದೆ. ಆ ಹುಡುಗ ತಾಟು ಖಾಲಿ ಮಾಡಿದ, ನೀರನ್ನೂ ಕೇಳದೆ ಕೈಕಟ್ಟಿ ಕೂತ. ಬಾಗಿಲ ಸಂದಿಯಿಂದ ಅದನ್ನೆಲ್ಲ ನೋಡಿದ ಸುಮಿ, ಅವರು ಹೋದ ಮೇಲೆ ತಾಯಿಯ ಹತ್ತಿರ ಹೋಗಿ, ‘ಅವ್ವಾ, ಇದು ಆಗಲಿ’ ಅಂದಳಂತೆ. ಅದಕ್ಕೂ ಮೊದಲು ಎಷ್ಟೋ ಹುಡುಗರ ಫೋಟೋ ಬಂದಿದ್ದವು. ಒಂದಕ್ಕೂ ಆಕೆ ಆಗಲಿ ಅಂದಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ಹೀಗಾಗಿ ಆ ಎರಡು ಶಬ್ದ ನಮ್ಮ ಮನೆಯಲ್ಲಿ ದೊಡ್ಡ ಸುದ್ದಿಯಾಯಿತು.

ಹುಡುಗನ ಮನೆ ನೋಡಿ, ಮಾತು ಮುಗಿಸಿಕೊಂಡು ಬರಲು ನಾನೂ ನನ್ನ ಹೆಂಡತಿ ಶಾಂತವ್ವನೂ ಗದಗಿಗೆ ಹೊರಟೆವು. ನಾನು ಛತ್ರಿ ಹಿಡಿದು ಹೊಸಿಲು ದಾಟುವಾಗ ಸುಮಿ ಬಂದು, ನೆಲ ನೋಡುತ್ತ, ‘ಅಪ್ಪಾ, ಅಲ್ಲೆ ಎದ್ದು ಬರಬ್ಯಾಡ’ ಅಂದಳು. ನಾನು ನಕ್ಕೆ. ‘ಹುಚ್ಚಿ, ಅದೇನು ಬಾಂಡೆ ಅಂಗಡಿ ಅಂತ ತಿಳದೀಯೇನು?’ ಅಂದೆ. ಅವಳು ನಗಲಿಲ್ಲ. ಯಾವುದೋ ಹಳೆಯ ನೆನಪಿನಿಂದ ಹೇಳುತ್ತಿದ್ದಾಳೆ ಎಂದು ಗೊತ್ತಾಯಿತು. ಯಾವುದು ಎಂದು ಕೇಳುವ ಧೈರ್ಯ ಮಾಡಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ ಎಂಬ ಭಯ.

ಗಂಗವ್ವ ಬಸ್ ಸ್ಟ್ಯಾಂಡಿಗೇ ಬಂದಿದ್ದರು. ಮಾತು ಇನ್ನೂ ಪಕ್ಕಾ ಆಗದಿದ್ದರೂ ಆಗಲೇ ನನ್ನನ್ನು ಬೀಗರ ಎಂದು ಕರೆಯತೊಡಗಿದ್ದರು. ‘ನಮ್ಮ ಮೈದುನ ಮಧ್ಯಾಹ್ನ ಬರ್ತಾನ್ರಿ ಬೀಗರ, ಹಿರ್‍ಯಾ ಅಂದ್ರ ಅವನs. ಅಲ್ಲೀತನಕ ಸುಮ್ನ ಕುಂತು ಏನ್ಮಾಡೂದು? ನಮ್ಮ ಗದಗಿನಾಗ ಹೊಸಾ ಅಂಗಡಿ ಆಗೇತಿ, ತೋರಸ್ತೀನಿ ಬರ್ರಿ. ನನಗೂ ಸಾಬಾಣ ತಗೋಬೇಕು’ ಅಂದರು. ಅದೊಂದು ಸಹಕಾರಿ ಸಂಘದವರು ತೆರೆದ ಅಂಗಡಿ. ಜನ ಅದನ್ನು ಸೂಪರ್ ಬಜಾರ ಎನ್ನುತ್ತಿದ್ದರು. ಅದರಲ್ಲಿ ಅಂಗಡಿಯವನೇ ಇರುವುದಿಲ್ಲ, ನಮಗೆ ಬೇಕಾದ್ದನ್ನು ನಾವೇ ತೆಗೆದುಕೊಳ್ಳಬೇಕು ಎಂದು ಗಂಗವ್ವ ಹೇಳಿದಾಗ, ಅಂಗಡಿಯವನಿಲ್ಲದ ಅಂಗಡಿಯಲ್ಲಿ ಮಾತಾಡುವುದಾದರೂ ಯಾರ ಜೊತೆ ಎಂದು ನನಗೆ ಆಗಲೇ ಚಿಂತೆ ಹತ್ತಿತು.

ಬಾಗಿಲಲ್ಲಿ ಕೂತವನು ನನ್ನ ಚೀಲವನ್ನೂ ಛತ್ರಿಯನ್ನೂ ಇಸಿದುಕೊಂಡು ಒಂದು ತಗಡಿನ ಬಿಲ್ಲೆ ಕೊಟ್ಟ. ‘ಯಾಕಪಾ, ನಾನೇನು ಕಳ್ಳನೇನು?’ ಅಂದೆ. ‘ಎಲ್ಲಾರದೂ ಇಸ್ಕೋತೀವ್ರಿ’ ಅಂದ. ಎಲ್ಲರನ್ನೂ ಕಳ್ಳರೆಂದು ತಿಳಿದರೆ ಒಬ್ಬನಿಗೆ ಅವಮಾನವಾಗುವುದಿಲ್ಲ ಎಂಬ ನ್ಯಾಯ ನನಗೆ ಹೊಸದಾಗಿತ್ತು. ಒಳಗೆ ಸಾಲುಸಾಲು ಕಬ್ಬಿಣದ ಹಲಗೆಗಳು, ಅವುಗಳ ಮೇಲೆ ಬಾಯಿ ಹೊಲಿದ ಪಾಕೀಟುಗಳು. ಸಕ್ಕರೆ ಪಾಕೀಟಿನಲ್ಲಿ, ಬೇಳೆ ಪಾಕೀಟಿನಲ್ಲಿ, ಜೀರಿಗೆ ಕೂಡ ಪಾಕೀಟಿನಲ್ಲಿ. ಎಲ್ಲದರ ಹೊಟ್ಟೆಗೂ ದರ ಅಂಟಿಸಿದ್ದರು. ಕೊಸರು ಹಾಕು ಎಂದು ಕೇಳೋಣವೆಂದರೆ ತಕ್ಕಡಿಯೇ ಇಲ್ಲ. ಕೈಯಲ್ಲಿ ಹಾಕಿ ನೋಡದೆ, ಬಾಯಲ್ಲಿ ಕಡಿದು ನೋಡದೆ ಬೇಳೆ ಕೊಳ್ಳುವುದು ನನ್ನಿಂದಾಗದ ಮಾತು. ಒಂದು ತೊಗರಿಬೇಳೆಯ ಪಾಕೀಟಿಗೆ ಉಗುರಿನಿಂದ ಸಣ್ಣ ತೂತು ಮಾಡಿ, ಒಂದೆರಡು ಕಾಳು ಬಾಯಿಗೆ ಹಾಕಿಕೊಂಡೆ. ಬೇಳೆ ಚೆನ್ನಾಗಿತ್ತು. ಪಾಕೀಟನ್ನು ಬುಟ್ಟಿಯಲ್ಲಿಟ್ಟುಕೊಂಡು ಅಂಗಡಿಯೆಲ್ಲ ತಿರುಗಿದೆ. ತೂತಿನಿಂದ ಬೇಳೆ ಒಂದೊಂದಾಗಿ ಬೀಳುತ್ತಿದ್ದದ್ದು ನನಗೆ ತಿಳಿಯಲಿಲ್ಲ. ನಾನು ಎಲ್ಲೆಲ್ಲಿ ನಿಂತಿದ್ದೆ, ಯಾವ ವಸ್ತುವಿನ ದರ ಓದಿ ಎಷ್ಟು ಹೊತ್ತು ಬೆರಗಾಗಿದ್ದೆ ಎಂಬುದೆಲ್ಲ ನೆಲದ ಮೇಲೆ ಹಳದಿಯಾಗಿ ಬರೆದಿಟ್ಟ ಹಾಗಿತ್ತು.

ಅಷ್ಟರಲ್ಲಿ ಶಾಂತವ್ವ ಒಂದು ಚಹಾ ಕಪ್ಪು-ಬಶಿಯ ಡಬ್ಬಿಯನ್ನು ಎದೆಗವಚಿಕೊಂಡು ಬಂದಳು. ಬಿಳಿಯ ಕಪ್ಪು, ಅಂಚಿಗೆ ನೀಲಿ ಹೂವು. ‘ಮೊದಲನೇ ಸಲ ಅವರ ಮನಿಗೆ ಹೊಂಟೇವಿ, ಬರಿಗೈಲೆ ಹ್ಯಾಂಗ ಹೋಗೂದ್ರಿ? ಗಂಗವ್ವಾರಿಗೆ ಇದನ್ನ ಕೊಡೂಣು’ ಎಂದು ಪಿಸುಗುಟ್ಟಿದಳು. ಒಳ್ಳೆಯ ವಿಚಾರವೇ. ದರ ಓದಿದೆ. ಪಿಂಗಾಣಿ ವ್ಯಾಪಾರ ನನ್ನದಲ್ಲದಿದ್ದರೂ ಬಾಂಡೆಯ ಮಗ್ಗುಲಿನದೇ. ಅದರ ಅಸಲು ಏನಿರಬಹುದೆಂಬ ಅಂದಾಜು ನನಗಿತ್ತು. ‘ನೀ ಸುಮ್ಮನಿರು, ಗಲ್ಲೆದಾಗ ನಾ ಮಾತಾಡ್ತೀನಿ’ ಅಂದೆ. ಇಷ್ಟು ಹೊತ್ತು ಮುದುಡಿ ಕೂತಿದ್ದ ನನ್ನ ಬೆನ್ನು ಮತ್ತೆ ನೆಟ್ಟಗಾಯಿತು.

ರೊಕ್ಕ ಕಟ್ಟುವ ಗಲ್ಲೆಯ ಮುಂದೆ ಜನ ಒಬ್ಬರ ಹಿಂದೊಬ್ಬರು ನಿಂತಿದ್ದರು. ನಮ್ಮ ಬಜಾರಿನಲ್ಲಿ ಗಿರಾಕಿಗಳು ಗಲ್ಲೆಯನ್ನು ಸುತ್ತುವರಿದು ನಿಲ್ಲುತ್ತಾರೆ. ಯಾರ ದನಿ ದೊಡ್ಡದೋ ಅವರದು ಮೊದಲು. ನಾನು ರೂಢಿಯ ಹಾಗೆ ಮಗ್ಗುಲಿನಿಂದ ಹೋಗಿ ಕೈ ಚಾಚಿದೆ. ‘ಯಜಮಾನ್ರ, ಪಾಳಿ ಐತ್ರಿ’ ಎಂದು ಯಾರೋ ಅಂದರು. ಪಾಳಿಯ ತುದಿಗೆ ಬಂದು ನಿಂತೆ. ನನ್ನ ಹಿಂದೆ ಶಾಂತವ್ವ, ಆಕೆಯ ಹಿಂದೆ ಸಾಬೂನು ಹಿಡಿದ ಗಂಗವ್ವ, ಅವರ ಹಿಂದೆ ಬರಬರುತ್ತ ಇನ್ನಷ್ಟು ಜನ.

ಗಲ್ಲೆಯಲ್ಲಿ ಕೂತದ್ದು ನಮ್ಮ ಸುಮಿಯ ಓರಗೆಯ ಒಬ್ಬ ಹುಡುಗಿ. ತೂತು ಬಿದ್ದ ಬೇಳೆಯ ಪಾಕೀಟನ್ನು ನೋಡಿದಳು, ನೆಲದ ಮೇಲಿನ ಬೇಳೆಯ ಸಾಲನ್ನು ನೋಡಿದಳು, ಸಾಲು ಮುಗಿದಲ್ಲಿ ನನ್ನನ್ನು ನೋಡಿದಳು. ಏನೂ ಅನ್ನದೆ ಒಂದು ಕಾಗದದ ಚೀಲದಲ್ಲಿ ಅದನ್ನು ಹಾಕಿಟ್ಟಳು. ಆಗಲೇ ನಾನು ಬಾಯಿ ಮುಚ್ಚಿಕೊಂಡು ಹೋಗಬೇಕಾಗಿತ್ತು. ಆದರೆ ಕಪ್ಪು-ಬಶಿಯ ಡಬ್ಬಿ ಅವಳ ಕೈಗೆ ಬಂದಿತ್ತು.

‘ತಂಗಿ, ಇದಕ್ಕ ಕಡೀ ದರ ಹೇಳು’ ಅಂದೆ.

‘ಮ್ಯಾಲೆ ಹಚ್ಚೇದ ನೋಡ್ರಿ ಕಾಕಾ.’

‘ಹಚ್ಚಿದ್ದು ಮೊದಲನೇ ದರ. ನಾ ಕೇಳಿದ್ದು ಕಡೀದು.’

‘ಎರಡೂ ಒಂದs ರೀ.’

ನಾನು ಒಂದು ಕಪ್ಪನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ‘ಇಲ್ಲೆ ಒಂದು ಚುಕ್ಕಿ ಐತಿ ನೋಡು.’

‘ಬ್ಯಾರೆ ಡಬ್ಬಿ ತಗೊಂಡ ಬರ್ರಿ, ಒಳಗ ಭಾಳ ಅದಾವು.’

ಇದು ನನಗೆ ಬಿದ್ದ ಮೊದಲ ಏಟು. ಚುಕ್ಕಿ ತೋರಿಸಿದಾಗ ಅಂಗಡಿಯವನು ಅದು ಚುಕ್ಕಿಯೇ ಅಲ್ಲ ಎಂದು ವಾದಿಸಬೇಕು. ಅವನು ವಾದಿಸಿದರೆ ತಾನೆ ನಾವು ಮುಂದುವರಿಯುವುದು? ಚುಕ್ಕಿಯನ್ನು ಒಪ್ಪಿಕೊಂಡುಬಿಟ್ಟರೆ ಮನುಷ್ಯ ಏನು ಮಾಡಬೇಕು? ‘ನಾವು ದೂರದಿಂದ ಬಂದೇವಿ’ ಅಂದೆ. ‘ಬಂದದ್ದು ಛಲೋ ಆತ್ರಿ’ ಅಂದಳು. ಕೊನೆಗೆ ನನ್ನ ದೊಡ್ಡ ಅಸ್ತ್ರ ತೆಗೆದೆ. ‘ನಿಮ್ಮ ಮಾಲಕರನ್ನ ಕರಿ ಇಲ್ಲೆ. ನಾ ಅವರ ಕೂಡ ಮಾತಾಡ್ತೀನಿ.’

ಹುಡುಗಿ ಸ್ವಲ್ಪವೂ ನಗದೆ, ‘ಇದು ಸೊಸಾಯಿಟೀದ್ರಿ ಕಾಕಾ. ಮಾಲಕರು ಅಂದ್ರ ಎಲ್ಲಾರೂ. ನೀವೂ ಮಾಲಕರs’ ಅಂದಳು.

‘ಹಂಗಾದ್ರ ಆತು ತಗೋ. ಮಾಲಕ ಆಗಿ ನಾ ಎರಡು ರೂಪಾಯಿ ಕಡಿಮಿ ಮಾಡೀನಿ.’

ನನ್ನ ಈ ಮಾತು ನನಗೇ ಎಷ್ಟು ಹಿಡಿಸಿತೆಂದರೆ ಗಂಗವ್ವ ಕೇಳಿದರೋ ಇಲ್ಲವೋ ಎಂದು ಓರೆಗಣ್ಣಿನಿಂದ ನೋಡಿದೆ. ಹುಡುಗಿ ಪೆನ್ನನ್ನು ಕೆಳಗಿಟ್ಟಳು. ‘ನಿಮ್ಮ ಹಿಂದ ನಿಂತವರೂ ಮಾಲಕರs ರೀ. ಅವರನ್ನೂ ಒಂದು ಮಾತು ಕೇಳಿಬಿಡ್ರಿ.’

ಪಾಳಿಯೆಲ್ಲ ಗೊಳ್ಳೆಂದಿತು. ‘ಮಾಲಕರ, ಜಲ್ದಿ ಮಾಡ್ರಿ, ನನ್ನ ಬಸ್ ಹೋಗತೈತಿ’ ಎಂದು ಹಿಂದಿನಿಂದ ಒಬ್ಬ ಕೂಗಿದ. ‘ನಾ ಒಪ್ಪಂಗಿಲ್ರಿ, ನನ್ನ ಪಾಲಿಗೆ ಲುಕ್ಸಾನ ಆಗತೈತಿ’ ಎಂದು ಇನ್ನೊಬ್ಬ. ಶಾಂತವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಆ ಎರಡು ರೂಪಾಯಿಯನ್ನೂ ಕೊಟ್ಟು ಮುಗಿಸಬಹುದಿತ್ತು. ಆದರೆ ಇಷ್ಟು ಜನ ನಕ್ಕ ಮೇಲೆ ಪೂರ್ತಿ ದರ ಕೊಡುವುದೆಂದರೆ ನಕ್ಕವರಿಗೆ ಇನಾಮು ಕೊಟ್ಟ ಹಾಗೆ. ನನಗೆ ತಿಳಿದದ್ದು ಒಂದೇ ದಾರಿ. ಡಬ್ಬಿಯನ್ನು ಯಾರದೋ ಕೂಸನ್ನು ತಾಯಿಗೆ ಒಪ್ಪಿಸಿದ ಹಾಗೆ ಗಲ್ಲೆಯ ಮೇಲಿಟ್ಟೆ. ‘ಬರ್ತೀನವ್ವ’ ಅಂದೆ. ಹೊರಟೆ.

ಮೊದಲ ಹೆಜ್ಜೆಗಳು ಚುರುಕಾಗಿಯೇ ಇದ್ದವು. ಬಾಗಿಲ ಹತ್ತಿರ ನಿಧಾನವಾದೆ. ಕೂಗು ಬರಲಿಲ್ಲ. ಹೊರಗೆ ಬಂದು ಇನ್ನೂ ನಿಧಾನವಾದೆ. ಪಕ್ಕದಲ್ಲಿ ಒಂದು ಸೈಕಲ್ ರಿಪೇರಿ ಅಂಗಡಿ. ಅಲ್ಲಿ ನೇತುಹಾಕಿದ ಟ್ಯೂಬನ್ನು ಮುಟ್ಟಿ ನೋಡಿದೆ. ‘ಯಾವ ಸೈಜ್ ಬೇಕ್ರಿ?’ ಎಂದು ಅವನು ಕೇಳಿದ. ನನಗೆ ಸೈಕಲ್ಲೇ ಇಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಛತ್ರಿ ಒಳಗಿತ್ತು. ಕತ್ತು ಹೊರಳಿಸಬಾರದೆಂದು ನಿಮಗೆಲ್ಲ ಉಪದೇಶ ಮಾಡಿದ ನಾನು ಆಗ ಕತ್ತು ಹೊರಳಿಸಿದೆ. ಗಾಜಿನ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ನಾನು ನಿಂತಿದ್ದ ಜಾಗವೇ ಅಲ್ಲಿರಲಿಲ್ಲ. ಪಾಳಿ ಒಂದು ಹೆಜ್ಜೆ ಮುಂದೆ ಸರಿದು ಅದನ್ನು ನುಂಗಿಬಿಟ್ಟಿತ್ತು. ಗಲ್ಲೆಯ ಹುಡುಗಿ ಮುಂದಿನವರ ಸಾಮಾನು ಬರೆದುಕೊಳ್ಳುತ್ತಿದ್ದಳು. ಶಾಂತವ್ವ ಒಬ್ಬಳೇ ಪಾಳಿಯ ಹೊರಗೆ, ಮದುವೆ ಮನೆಯಲ್ಲಿ ಮರೆತುಬಿಟ್ಟು ಹೋದ ಚೊಂಬಿನ ಹಾಗೆ ನಿಂತಿದ್ದಳು.

ಹೋದವನನ್ನು ಕರೆಯದ ಅಂಗಡಿಯನ್ನು ನಾನು ಇವತ್ತೇ ಕಂಡದ್ದು ಎಂದುಕೊಂಡೆ. ಕರೆಯಬಾರದೆಂದು ಹಟ ಮಾಡಿ ಸುಮ್ಮನಿದ್ದಿದ್ದರೆ ಚಿಂತೆಯಿರಲಿಲ್ಲ. ಅದು ನಮ್ಮ ನಮ್ಮೊಳಗಿನ ಲೆಕ್ಕ. ನಾನು ಹೋದದ್ದು ಆ ಹುಡುಗಿಯ ಗಮನಕ್ಕೇ ಬಂದಿರಲಿಲ್ಲ. ತಿರುಗಿ ಒಳಗೆ ಹೋಗಲೇಬೇಕು, ಹೆಂಡತಿಯನ್ನಾದರೂ ಕರೆದುಕೊಂಡು ಬರಬೇಕಲ್ಲ. ಬಾಗಿಲವನಿಗೆ ಕೇಳುವ ಹಾಗೆ, ಪಾಳಿಗೂ ಕೇಳುವ ಹಾಗೆ, ಗಟ್ಟಿಯಾಗಿ, ‘ಛತ್ರಿ ಬಿಟ್ಟಿದ್ದೆ’ ಅಂದೆ. ಬಿಲ್ಲೆ ಕೊಟ್ಟೆ, ಚೀಲ ಮತ್ತು ಛತ್ರಿ ಬಂದವು. ನೆಪವೇನೋ ಅಲ್ಲಿಗೆ ಮುಗಿಯಿತು, ನಾನು ಮಾತ್ರ ಮುಗಿಯದೆ ನಿಂತಿದ್ದೆ. ಕಿಸೆಯಲ್ಲಿ ಕೈ ಹಾಕಿ ಗಲ್ಲೆಯ ಕಡೆ ನಡೆದೆ. ಅಷ್ಟರಲ್ಲಿ ಗಂಗವ್ವ ಈಚೆ ಬಂದರು. ಅವರ ಒಂದು ಕೈಯಲ್ಲಿ ಸಾಬೂನು ಮತ್ತು ನನ್ನ ಬೇಳೆಯ ಚೀಲ, ಇನ್ನೊಂದರಲ್ಲಿ ಕಪ್ಪು-ಬಶಿಯ ಡಬ್ಬಿ.

‘ಮಂದಿ ಕಾಯಾಕತ್ತಿದ್ರು ಬೀಗರ, ನಂದರಾಗs ಹಾಕಿಸಿಬಿಟ್ಟೆ’ ಅಂದರು.

‘ಅಯ್ಯ, ಅದು... ಅದು ನಿಮಗ ಅಂತs...’ ಎಂದು ಶಾಂತವ್ವ ತೊದಲಿದಳು.

‘ಹೌದೇನು? ಹಂಗಾದ್ರ ಛಲೋನs ಆತು. ನಮ್ಮ ಮನಿಗೇ ಬರಾಕತ್ತಾವಲ್ಲ!’

ನಾನು ರೊಕ್ಕ ಹಿಡಿದು ಅವರ ಹಿಂದೆ ಹಿಂದೆ ಬಾಗಿಲತನಕ ಹೋದೆ. ಅವರು ಇಸಿದುಕೊಳ್ಳಲಿಲ್ಲ. ಬೀಗರಿಗೆ ಕೊಡುವ ಉಡುಗೊರೆಯನ್ನು ಬೀಗರ ರೊಕ್ಕದಲ್ಲೇ ಕೊಡಿಸಿದ ಮನುಷ್ಯ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಪೂರ್ತಿ ದರ ಉಳಿಸಿದೆ ಎಂದು ಲೆಕ್ಕ ಹಾಕಬಹುದಿತ್ತು. ಆ ಲೆಕ್ಕ ಹಾಕುವ ಧೈರ್ಯ ನನಗೂ ಆಗಲಿಲ್ಲ. ಬೆಟಗೇರಿಯವರೆಗೆ ಟಾಂಗಾದಲ್ಲಿ ಆ ಡಬ್ಬಿ ನನ್ನ ತೊಡೆಯ ಮೇಲಿತ್ತು. ಗಾಲಿ ಕುಣಿದಾಗಲೆಲ್ಲ ಕಪ್ಪುಗಳು ಒಳಗೊಳಗೇ ಕಿಲಕಿಲ ಅನ್ನುತ್ತಿದ್ದವು. ಶಾಂತವ್ವ ಒಂದು ಮಾತೂ ಆಡಲಿಲ್ಲ. ಆಕೆ ಬೈಯುವವಳು, ಸುಮ್ಮನಿದ್ದಳೆಂದರೆ ಆ ಬೈಗುಳಕ್ಕೆ ಮನೆಯ ಏಕಾಂತ ಬೇಕು ಎಂದರ್ಥ.

ಮಧ್ಯಾಹ್ನ ಗಂಗವ್ವನ ಮೈದುನ ಶಂಕ್ರಪ್ಪ ಬಂದರು. ಮಿತಭಾಷಿ ಮನುಷ್ಯ, ಹೂಂ ಅನ್ನುವುದಕ್ಕೂ ವೀಳ್ಯ ನುಂಗಿ ಅನ್ನುವವರು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂತೆವು. ನನ್ನ ಛತ್ರಿಯನ್ನು ಗೋಡೆಗೆ ಒರಗಿಸಿದೆ. ಕೊಡು-ಕೊಳ್ಳುವ ಮಾತೇ ಬರಲಿಲ್ಲ. ‘ಹುಡಿಗೀನ್ನ ಕೊಡ್ತೀರಿ, ಅದಕ್ಕಿಂತ ಏನು ಕೊಡೂದೈತ್ರಿ?’ ಎಂದು ಗಂಗವ್ವ ಮೊದಲೇ ಹೇಳಿಬಿಟ್ಟರು. ಮದುವೆ ಲಕ್ಷ್ಮೇಶ್ವರದಲ್ಲಿ, ನಮ್ಮ ಮನೆಯ ಮುಂದೆ ಹಂದರ ಹಾಕಿ. ಅದೂ ಆಯಿತು. ಉಳಿದದ್ದು ಒಂದೇ: ಅವರ ಕಡೆಯಿಂದ ಎಷ್ಟು ಮಂದಿ ಬರಬೇಕು. ‘ಐದುನೂರು ಮಂದಿ ಆಗ್ತಾರ್ರಿ. ನೇಕಾರ ಓಣಿ ಪೂರಾ ನಮ್ಮ ಮಂದೀನs’ ಅಂದರು ಗಂಗವ್ವ. ನಾನು ಮೂರುನೂರು ಅಂದೆ. ಅವರು ಐದುನೂರು ಅಂದರು. ನಾನು ಮೂರುನೂರಾ ಐವತ್ತು ಅಂದೆ. ಅವರು ಐದುನೂರೇ ಅಂದರು. ಐದುನೂರು ಎಲೆ ಹಾಕುವುದು ನನಗೆ ಆಗದ ಮಾತೇನಲ್ಲ. ಅಡಿಗೆಯ ಪಾತ್ರೆಗಳಂತೂ ಸ್ವಂತ ಅಂಗಡಿಯವು. ಆದರೆ ಬೆಳಿಗ್ಗೆ ಗಲ್ಲೆಯ ಮುಂದೆ ಕಳೆದುಕೊಂಡದ್ದನ್ನು ಮಧ್ಯಾಹ್ನ ಜಮಖಾನೆಯ ಮೇಲೆ ವಸೂಲು ಮಾಡಬೇಕೆಂದು ನನ್ನೊಳಗಿನ ಬಾಂಡೆ ವ್ಯಾಪಾರಿ ಚಡಪಡಿಸುತ್ತಿದ್ದ. ನೂರು ಮಂದಿಯನ್ನಾದರೂ ಇಳಿಸದೆ ಊರಿಗೆ ಹೋದರೆ ಈ ಹೆಂಗಸು ನನ್ನನ್ನು ಏನೆಂದು ತಿಳಿಯಬೇಕು?

‘ಹಂಗಾದ್ರ ಈ ಮಾತು ಕೂಡೂವಂಗಿಲ್ಲ ಬಿಡ್ರಿ. ನಾವು ಬರ್ತೀವಿ’ ಎಂದು ಎದ್ದುಬಿಟ್ಟೆ.

ಶಾಂತವ್ವ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಕೆ ಏಳಲಿಲ್ಲ. ಬೆಳಿಗ್ಗೆ ಒಮ್ಮೆ ಹಿಂದೆ ಉಳಿದು ಆಕೆಗೆ ರೂಢಿಯಾಗಿತ್ತೋ ಏನೋ. ನಾನು ಹೊಸಿಲು ದಾಟಿ ಕಟ್ಟೆ ಇಳಿದು ಚಪ್ಪಲಿ ಮೆಟ್ಟಿದೆ. ಎಡದ್ದು ಬಲಕ್ಕೆ ಹೋಯಿತು. ಸರಿಮಾಡಿಕೊಂಡೆ. ಓಣಿಯ ತುಂಬ ಮಗ್ಗಗಳ ಲಟಕ್ ಲಟಕ್ ಸದ್ದು. ಕಿಟಕಿಯ ಬುಡದಲ್ಲಿ ನಿಂತು, ಬೇಡದ ವಸ್ತು ಯಾವುದಾದರೂ ಮುಟ್ಟಲು ಸಿಕ್ಕೀತೇ ಎಂದು ನೋಡಿದೆ. ಒಂದು ಆಕಳಿತ್ತು. ಅದರ ಬೆನ್ನು ಸವರಿದೆ.

ಒಳಗೆ ಶಂಕ್ರಪ್ಪ, ‘ಕರೀಲೇನು ವೈನಿ?’ ಅಂದದ್ದು ಕೇಳಿಸಿತು. ನನಗೆ ಜೀವ ಬಂದಂತಾಯಿತು. ಎರಡನೆಯ ಕೂಗಿಗೆ ತಿರುಗಬೇಕೆಂದು ಬೆನ್ನನ್ನು ಸಿದ್ಧ ಮಾಡಿಕೊಂಡೆ.

‘ಬ್ಯಾಡೋ ಶಂಕ್ರಾ, ಬರ್ತಾರ. ಮುಂಜಾನೆನೂ ಹಿಂಗs ಹೋಗಿದ್ರು, ತಾವs ಬಂದ್ರು. ನಾ ಚಹಾ ಸೋಸ್ತೀನಿ’ ಎಂದು ಗಂಗವ್ವ ಅಂದರು.

ಇಷ್ಟು ವರ್ಷ ಗಿರಾಕಿಯ ಕಾಲು ನೋಡಿ ಅವನನ್ನು ಓದುತ್ತಿದ್ದವನು ನಾನು. ನನ್ನ ಕಾಲನ್ನು ಒಬ್ಬಾಕೆ ಗಲ್ಲೆಯ ಪಾಳಿಯಲ್ಲಿ, ಕೈಯಲ್ಲಿ ಸಾಬೂನು ಹಿಡಿದು ನಿಂತು ಓದಿ ಮುಗಿಸಿದ್ದಳು. ಸಿಟ್ಟು ಬಂತು. ಈಗ ಖರೆ ಹೋಗಿಬಿಡಬೇಕು ಅನಿಸಿತು. ನಾಲ್ಕು ಹೆಜ್ಜೆ ಹಾಕಿಯೂ ಹಾಕಿದೆ. ಆಗ ಸುಮಿ ಬೆಳಿಗ್ಗೆ ಹೊಸಿಲಲ್ಲಿ ಅಂದ ಮಾತು, ಅದರ ಹಿಂದಿನ ನಾನು ಕೇಳದೆ ಬಿಟ್ಟ ಸಂಗತಿ, ಎರಡೂ ಕೂಡಿಯೇ ನೆನಪಾದವು. ಆಕೆ ಸಣ್ಣವಳಿದ್ದಾಗ ಮುಂಡರಗಿ ಸಂತೆಯಲ್ಲಿ ಕೆಂಪು ಪಟ್ಟಿಯ ಚಪ್ಪಲಿಗೆ ಕಾಲು ಒಡ್ಡಿ ನಿಂತಿದ್ದಳು. ನಾನು ದರ ಕೂಡಲಿಲ್ಲವೆಂದು ಆಕೆಯ ಕಾಲಿನಿಂದ ಅವನ್ನು ಬಿಡಿಸಿಟ್ಟು, ಕೈಹಿಡಿದು ಎದ್ದು ಹೊರಟೆ. ಅವತ್ತು ಚಪ್ಪಲಿಯವನಿಗೆ ಬೇರೆ ಗಿರಾಕಿ ಬಂತು, ಅವನು ಕೂಗಲಿಲ್ಲ. ನಾನು ಕತ್ತು ಹೊರಳಿಸಲಿಲ್ಲ. ಆಕೆ ಹೊರಳಿಸಿದ್ದಳು, ಸಂತೆ ಮುಗಿಯುವವರೆಗೂ ಹಿಂದಕ್ಕೇ ನೋಡುತ್ತ ನನ್ನ ಕೈಗೆ ಜೋತುಬಿದ್ದು ನಡೆದಿದ್ದಳು. ಅತ್ತಿರಲಿಲ್ಲ. ಬೇಕು ಅಂತಲೂ ಅಂದಿರಲಿಲ್ಲ. ಬೇಕಾದದ್ದನ್ನು ಬೇಕು ಎನ್ನಬಾರದೆಂದು ನಾನೇ ಅಲ್ಲವೇ ಎಲ್ಲರಿಗೂ ಉಪದೇಶ ಮಾಡುವವನು? ಅಂಥ ಹುಡುಗಿ ಇಷ್ಟು ವರ್ಷದ ಮೇಲೆ ಬಾಯಿಬಿಟ್ಟು ‘ಇದು ಆಗಲಿ’ ಅಂದಿದ್ದಳು.

ತಿರುಗಿದೆ. ಯಾರೂ ಕರೆದಿರಲಿಲ್ಲ. ಅಂಗಡಿಯ ಮೆಟ್ಟಿಲು ಹತ್ತುವ ಬಡ ಗಿರಾಕಿಯ ಹಾಗೆ ಕಟ್ಟೆ ಹತ್ತಿದೆ. ಹೊಸಿಲಲ್ಲಿ ನಿಂತೆ. ‘ಛತ್ರಿ ಬಿಟ್ಟಿದ್ದೆ’ ಅಂದೆ. ಅಂದ ಮೇಲೆ ಇದೇ ಮಾತನ್ನು ಬೆಳಿಗ್ಗೆಯೂ ಇದೇ ಇಬ್ಬರು ಹೆಂಗಸರ ಮುಂದೆ ಅಂದಿದ್ದೇನೆಂದು ಹೊಳೆಯಿತು. ಶಂಕ್ರಪ್ಪ ವೀಳ್ಯ ನುಂಗಿದರು. ಶಾಂತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು; ಅಳುವೋ ನಗುವೋ ತಿಳಿಯಲಿಲ್ಲ.

ಗಂಗವ್ವ ಮಾತ್ರ ಏನೂ ಆಗಿಲ್ಲವೆಂಬ ಹಾಗೆ ಅಡಿಗೆಮನೆಯಿಂದ ಬಂದರು. ‘ಛತ್ರಿ ಇಲ್ಲೇ ಐತ್ರಿ ಬೀಗರ, ಗೂಟಕ್ಕ ಹಾಕೀನಿ. ಹೋಗೂಮುಂದ ಕೊಡ್ತೀನಿ, ಕುಂಡ್ರಿ. ಚಹಾ ಆರತೈತಿ.’ ಬಿಳಿಯ ಕಪ್ಪು, ಅಂಚಿಗೆ ನೀಲಿ ಹೂವು. ನನ್ನ ಪಾಲಿಗೆ ಚುಕ್ಕಿ ಇದ್ದ ಕಪ್ಪೇ ಬಂದಿತ್ತು. ಬಶಿಗೆ ಸುರುವಿಕೊಂಡು, ತಲೆ ಎತ್ತದೆ ಕುಡಿದೆ.

‘ಎಷ್ಟ ಮಂದಿ ಅಂದಿರಿ?’ ಎಂದು ಬಶಿಯನ್ನೇ ಕೇಳಿದೆ.

‘ಐದುನೂರು.’

‘ಆತ್ರಿ.’

ಕೇಳಿದ ದರಕ್ಕೆ ಒಂದೇ ಮಾತಿನಲ್ಲಿ ಒಪ್ಪಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ನಾಲಿಗೆಗೆ ರೂಢಿಯಿಲ್ಲದ್ದರಿಂದ ಶಬ್ದ ಸ್ವಲ್ಪ ಸಿಕ್ಕಿಕೊಂಡು ಬಂತು. ಮಾತು ಪಕ್ಕಾ ಆಯಿತೆಂದು ಗಂಗವ್ವ ನಮ್ಮೆಲ್ಲರ ಕೈಗೆ ಸಕ್ಕರೆ ಹಾಕಿದರು.

ಸಂಜೆ ಶಿರಹಟ್ಟಿಯ ಮೇಲೆ ಹಾಯ್ದು ಬರುವ ಬಸ್ಸು ಹಿಡಿದು ಊರಿಗೆ ಬಂದೆವು. ದಾರಿಯುದ್ದಕ್ಕೂ ಶಾಂತವ್ವ ಬೈದಳು, ಬಸ್ಸಿನ ಸದ್ದಿನಲ್ಲಿ ಏಕಾಂತ ಸಿಕ್ಕಿತ್ತು. ಸುಮಿ ಕಟ್ಟೆಯ ಮೇಲೇ ನಿಂತಿದ್ದಳು. ನಮ್ಮ ಮುಖ ನೋಡಲಿಲ್ಲ, ನನ್ನ ಕೈ ನೋಡಿದಳು.

‘ಛತ್ರಿ ಎಲ್ಲಪ್ಪಾ?’

ನಾನು ಕೈ ನೋಡಿಕೊಂಡೆ. ಛತ್ರಿ ಇರಲಿಲ್ಲ. ಗಂಗವ್ವನ ಗೂಟದಲ್ಲೇ ಉಳಿದಿತ್ತು. ಎರಡು ಸಲ ಸುಳ್ಳುಸುಳ್ಳೇ ಬಿಟ್ಟಿದ್ದೆ ಅಂದವನು ಮೂರನೆಯ ಸಲ ಖರೆಯೇ ಬಿಟ್ಟು ಬಂದಿದ್ದೆ.

ಮಗಳ ಮುಖ ಕಂದಿತು. ‘ಎದ್ದು ಬಂದ್ಯಾ?’ ಅಂದಳು. ಛತ್ರಿಯನ್ನೂ ಬಿಟ್ಟು ಬಂದಿದ್ದಾನೆಂದರೆ ಎಷ್ಟು ಸಿಟ್ಟಿನಿಂದ ಎದ್ದು ಬಂದಿರಬೇಕೆಂದು ಆಕೆ ಲೆಕ್ಕ ಹಾಕಿದ್ದಳು. ನನ್ನ ಮಗಳಲ್ಲವೇ, ಲೆಕ್ಕ ಬೇಗ.

‘ಎದ್ದು ಹ್ವಾದ್ರವ್ವ, ಮತ್ತ ಬಿಡ್ತಾರೇನು?’ ಅಂದಳು ಶಾಂತವ್ವ. ‘ಆದ್ರ ತಿರಗಿ ಬಂದ್ರು. ಸಕ್ರಿ ತಿಂದು ಬಂದೇವಿ.’

‘ಯಾರು ಕರದ್ರು?’

‘ಯಾರೂ ಕರೀಲಿಲ್ಲ.’

ಸುಮಿ ನನ್ನನ್ನೇ ನೋಡುತ್ತ ನಿಂತಳು. ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ. ಆಕೆ ಒಳಗೆ ಹೋದಳು. ಒಂದು ತಂಬಿಗೆ ನೀರು ತಂದು, ನನ್ನ ಕೈಗೆ ಕೊಡುವ ಬದಲು ತಾನೇ ಬಾಗಿ ನನ್ನ ಕಾಲಿನ ಮೇಲೆ ಹಾಕಿದಳು. ಹಾಗೆಲ್ಲ ಮಾಡುವ ಹುಡುಗಿಯಲ್ಲ ಅವಳು.

ಮದುವೆಗೆ ಐದುನೂರು ಮಂದಿ ಬಂದರೋ ಇಲ್ಲವೋ ನಾನು ಎಣಿಸಲಿಲ್ಲ. ಹಂದರದ ಕಂಬದ ಹಿಂದೆ ನಿಂತು ಬೆರಳು ಮಡಚುತ್ತಿದ್ದೆ ಎಂದು ಬಾಬುಸಾಬ ಊರ ತುಂಬ ಹೇಳಿಕೊಂಡು ತಿರುಗುತ್ತಾನೆ. ಅವನ ಮಾತು ನಂಬಬೇಡಿ. ಮದುವೆ ಮುಗಿದ ಮೇಲೂ ನಾನು ಆಗಾಗ ಬೆಟಗೇರಿಗೆ ಹೋಗುತ್ತಿರುತ್ತೇನೆ. ಹೋದಾಗೆಲ್ಲ ಗಂಗವ್ವ ಗೂಟ ತೋರಿಸಿ, ‘ಬೀಗರ, ನಿಮ್ಮ ಛತ್ರಿ ಈ ಸಲನಾರ ಒಯ್ರಿ’ ಎನ್ನುತ್ತಾರೆ. ನಾನು ಒಯ್ಯುವುದಿಲ್ಲ. ಬಿಸಿಲಿಗೆ ಒಣಗಿ, ಮಳೆಗೆ ನೆನೆದುಕೊಂಡೇ ಬರುತ್ತೇನೆ. ಮಗಳನ್ನು ಕೊಟ್ಟ ಮನೆ. ಮಾತಿಗೆ ಮಾತು ಬರುತ್ತದೆ, ಯಾವ ದಿನ ನಾನು ಮತ್ತೆ ಎದ್ದು ಹೊರಡುತ್ತೇನೋ ಯಾರಿಗೆ ಗೊತ್ತು? ಆಗ ತಿರುಗಿ ಬರಲು ಒಳಗೆ ನನ್ನದೊಂದು ಛತ್ರಿ ಇರಬೇಕಲ್ಲ.